ಅಂಟು ಯಾವುದು ಹಾಕಿದ್ದೀರಿ?

ನನ್ನ ಕೆಲಸ ಪರದೆ ಬರೆಯುವುದು. ಕೊಪ್ಪಳದ ಸುತ್ತಮುತ್ತ ಜಾತ್ರೆಗೆ ನಾಟಕ ಆಡುತ್ತಾರಲ್ಲ, ಡ್ರಾಮಾ ಸೀನ್ಸ್‌ನವರು ಬಾಡಿಗೆಗೆ ಕೊಡುವ ಅರಮನೆ, ಕಾಡು, ಬೀದಿ, ಜೈಲು, ಅವುಗಳಲ್ಲಿ ಸುಮಾರು ನನ್ನ ಕೈಯವು. ಜಾತ್ರೆಗಳು ಮುಗಿದು ಕೈ ಖಾಲಿಯಾದಾಗ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತೇನೆ. ರಾತ್ರಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮೆಜೆಸ್ಟಿಕ್. ಎರಡು ದಿನ ಚಿತ್ರ ನೋಡುವುದು, ಸಂಜೆ ನಾಟಕ ನೋಡುವುದು. ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.

ಮೊದಲ ಸಲ ಭಾನುವಾರ ರಾತ್ರಿ ಹೊರಟೆ. ಸೋಮವಾರ ಗ್ಯಾಲರಿ, ಮ್ಯೂಸಿಯಂ ಹೆಚ್ಚಿನವು ರಜೆ ಅಂತ ಗೊತ್ತಿರಲಿಲ್ಲ. ಇಡೀ ದಿನ ಕಬ್ಬನ್ ಪಾರ್ಕಿನಲ್ಲಿ ಕಳೆದೆ. ಈಗ ಸೋಮವಾರ ರಾತ್ರಿ ಹತ್ತುತ್ತೇನೆ, ಮಂಗಳವಾರ ಇಳಿಯುತ್ತೇನೆ.

ನನಗೆ ಹೊಸ ಕಲೆಯ ಬಾಗಿಲು ತೆರೆದದ್ದು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ. ಗಣಿ ವ್ಯವಹಾರದಲ್ಲಿದ್ದ ಮಾಣಿಕ್ಯವೇಲು ಎಂಬುವರ ಹಳೇ ಬಂಗಲೆ ಅದು, 2009ರಲ್ಲಿ ಸಂಗ್ರಹಾಲಯವಾಯಿತು. ಸುತ್ತ ದೊಡ್ಡ ದೊಡ್ಡ ಮರ. ಅಲ್ಲಿ ಜಾಮಿನಿ ರಾಯ್ ಅವರ ಒಂದು ಚಿತ್ರದ ಮುಂದೆ ನಿಂತೆ. ಉದ್ದ ಕಣ್ಣು, ದಪ್ಪ ಗೆರೆ, ನಾಲ್ಕೈದೇ ಬಣ್ಣ. ಬಣ್ಣ ಸ್ವಲ್ಪವೂ ಹೊಳೆಯುತ್ತಿರಲಿಲ್ಲ, ಒಣಗಿದ ಗೋಡೆಯ ಹಾಗಿತ್ತು. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದೆ. ಪುಡಿ ಬಣ್ಣಕ್ಕೆ ಅಂಟು ಕಲಸಿ ಹಚ್ಚಿದ್ದು ಅಂತ ಕಣ್ಣಿಗೆ ಗೊತ್ತಾಯಿತು, ದಿನಾ ಅದೇ ಕೆಲಸ ಮಾಡುತ್ತೇನಲ್ಲ. ಆಮೇಲೆ ವಿಚಾರಿಸಿದರೆ ಅವರು ಕಲ್ಲಿನ ಪುಡಿ, ನೀಲಿ, ಸೀಮೆಸುಣ್ಣದಂಥವುಗಳಿಂದ ತಾವೇ ಬಣ್ಣ ಮಾಡಿಕೊಳ್ಳುತ್ತಿದ್ದರಂತೆ. ಅಂಟು ಹುಣಸೆ ಬೀಜದ್ದು! ನಮ್ಮ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಬಳಸುವುದೂ ಅದೇ. 1972ರಲ್ಲಿ ತೀರಿಕೊಂಡ ಬಂಗಾಳದ ಕಲಾವಿದರು ಆ ಕ್ಷಣಕ್ಕೆ ನಮ್ಮ ಪಕ್ಕದೂರಿನವರಾದರು.

ಅವತ್ತಿನಿಂದ ಯಾವ ಚಿತ್ರದ ಮುಂದೆ ನಿಂತರೂ ಮೊದಲು ಇದು ಹೇಗೆ ಮಾಡಿದ್ದು ಅಂತ ನೋಡುತ್ತೇನೆ. ಅರ್ಥ ಆಮೇಲೆ ಬರುತ್ತದೆ. ಕೆಲವು ಸಲ ಬರುವುದಿಲ್ಲ, ಅದಕ್ಕೆ ಬೇಸರ ಇಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದಲ್ಲಿ ಸಗಣಿಯಿಂದ ಕಲಾಕೃತಿ ಮಾಡಿದರು ಅಂತ ಓದಿದಾಗ ನನಗೆ ವಿಚಿತ್ರ ಅನಿಸಲಿಲ್ಲ. ಸಗಣಿ ಒಣಗಿದಾಗ ಹೇಗೆ ಬಿರುಕು ಬಿಡುತ್ತದೆ, ಎಷ್ಟು ಗಟ್ಟಿ ಕೂರುತ್ತದೆ ಅನ್ನೋದು ಅಂಗಳ ಸಾರಿಸಿದವರಿಗೆ ಗೊತ್ತೇ ಇದೆ, ಅಲ್ವಾ?

ದೊಡ್ಡ ಸಂಗ್ರಹಾಲಯಕ್ಕೆ ಹೋಗುವುದು ಸುಲಭ. ಟಿಕೆಟ್ ಕೊಳ್ಳಬೇಕು, ಒಳಗೆ ಹೋಗಬೇಕು. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಶುರುವಾದ ಕಲೆ ಮತ್ತು ಫೋಟೋಗ್ರಫಿ ಮ್ಯೂಸಿಯಂ ಕೂಡ ಹಾಗೆಯೇ, ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ನಡೆದು ಹೋಗಬಹುದು. ಅಳುಕು ಆಗುವುದು ಸಣ್ಣ ಗ್ಯಾಲರಿಗಳ ಹತ್ತಿರ. ಗಾಜಿನ ಬಾಗಿಲು ಮುಚ್ಚಿರುತ್ತದೆ, ಒಳಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಬಾಗಿಲು ದೂಡಿ ಹೋಗಿ. ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಕೊಳ್ಳಲೇಬೇಕು ಅಂತ ಯಾರೂ ಹೇಳುವುದಿಲ್ಲ. ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿರುತ್ತಾರೆ. ನಾನು ಅದರಲ್ಲಿ ಕನ್ನಡದಲ್ಲೇ ಹೆಸರು ಬರೆದು ಮುಂದೆ ಕೊಪ್ಪಳ ಅಂತ ಬರೆಯುತ್ತೇನೆ. ಅದನ್ನು ನೋಡಿ ಎಷ್ಟೋ ಸಲ ಅವರೇ ಮಾತು ಶುರು ಮಾಡಿದ್ದಾರೆ.

ಶಾಂತಿನಗರದಲ್ಲಿ ಒನ್ ಶಾಂತಿರೋಡ್ ಅಂತ ಒಂದು ಜಾಗ ಇದೆ. ಸುರೇಶ್ ಜಯರಾಮ್ 2003ರಲ್ಲಿ ಶುರು ಮಾಡಿದ್ದು. ಹೊರಗಿನ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ. ಇಂಥ ಕಡೆ ಪ್ರದರ್ಶನ ಶುರುವಾಗುವ ಸಂಜೆಯೇ ಹೋಗಬೇಕು, ಮಾಡಿದವರು ಕೈಗೆ ಸಿಗುತ್ತಾರೆ. ಅಂಥ ಒಂದು ಸಂಜೆ, ಬೇರೊಂದು ಗ್ಯಾಲರಿಯಲ್ಲಿ, ಉದ್ದಕ್ಕೆ ಇಳಿಬಿಟ್ಟ ಬಟ್ಟೆಗಳನ್ನು ನೋಡಿದೆ. ಅದರ ತುಂಬ ಕೆಂಪು ಕಲೆ. ಹತ್ತಿರ ನಿಂತಿದ್ದ ಹುಡುಗಿಯನ್ನು ಕೇಳಿದೆ, "ಈ ಕೆಂಪು ಯಾವುದಮ್ಮಾ? ಅಂಟು ಏನು ಹಾಕಿದ್ದೀರಿ?" ಅಂಟೇ ಇಲ್ಲ ಸರ್, ತುಕ್ಕು ಅಂದಳು. ಹಳೇ ಮೊಳೆ, ಕಬ್ಬಿಣದ ಚೂರು ಒದ್ದೆ ಬಟ್ಟೆಯಲ್ಲಿ ಸುತ್ತಿ, ವಿನೆಗರ್ ಚಿಮುಕಿಸಿ ದಿನಗಟ್ಟಲೆ ಬಿಡುತ್ತಾಳಂತೆ. ಬಟ್ಟೆಯ ಒಂದು ಕಡೆ ಮೊಳೆಯ ತಲೆ ಗುಂಡಗೆ ಮೂಡಿತ್ತು. ನಮ್ಮ ಕಡೆ ಸಂಡೂರಿನ ಕಬ್ಬಿಣದ ಅದಿರಿನ ಮಣ್ಣು ಹೀಗೇ ಅಂಗಿಗೆ ಹತ್ತಿದರೆ ಹೋಗುವುದಿಲ್ಲ ಅಂದೆ. ಅವಳು ಫೋನ್ ತೆಗೆದು ಅದನ್ನು ಬರೆದುಕೊಂಡಳು. ಅರ್ಧ ಗಂಟೆ ಮಾತಾಡಿದೆವು.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಪ್ರತಿ ಸಲ ಹೋಗುತ್ತೇನೆ. ಹೊಸಬರ ಪ್ರದರ್ಶನಗಳು ನಡೆಯುತ್ತಿರುತ್ತವೆ. ಜೊತೆಗೆ ಅಲ್ಲಿನ ತೊಗಲು ಗೊಂಬೆಗಳನ್ನು ನೋಡದೆ ಬರಲು ಮನಸ್ಸಾಗುವುದಿಲ್ಲ. ಆ ಆಟಕ್ಕೇ ನಮ್ಮ ಮೋರನಾಳದ ಭೀಮವ್ವಗೆ 2025ರಲ್ಲಿ ಪದ್ಮಶ್ರೀ ಬಂತು. ಅವುಗಳ ಮುಂದೆ ನಿಂತರೆ ಮನೆ ನೆನಪಾಗುತ್ತದೆ.

ದಿನಕ್ಕೆ ಎರಡು ಜಾಗ, ಅಷ್ಟೇ. ಜಾಸ್ತಿ ಸುತ್ತಿದರೆ ಕಣ್ಣು ಸೋಲುತ್ತದೆ.

ಸಂಜೆ ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ ರಂಗಮಂದಿರ, 2004ರಿಂದ ನಡೆಯುತ್ತಿದೆ. ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ನಟರಿಗೆ ಕೊಡುವ ಆ ಮರ್ಯಾದೆ ನನಗೆ ಇಷ್ಟ. ಬೆಂಗಳೂರಿನ ಟ್ರಾಫಿಕ್ ನಂಬದೆ ಒಂದು ಗಂಟೆ ಮುಂಚೆ ಹೋಗಿ ಕೂರುತ್ತೇನೆ. ಮೊದಲ ಸಲ ಅಲ್ಲಿ ನೋಡಿದ ನಾಟಕಕ್ಕೆ ಪರದೆಯೇ ಇರಲಿಲ್ಲ. ಒಂದು ಬಿದಿರು ಗಳ, ಒಂದು ಬುಟ್ಟಿ. ನೀಲಿ ಬೆಳಕು ನಿಧಾನ ಇಳಿಯಿತು, ನಟ ಕತ್ತು ಮೇಲೆತ್ತಿ ನೋಡಿದ. ನನಗೆ ಕಾಡು ಕಂಡಿತು. ಒಂದು ಕಾಡು ಬರೆಯಲು ನಾನು ವಾರಗಟ್ಟಲೆ ಕೂರುವವನು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಊರಿಗೆ ಬಂದ ಮೇಲೆ ಒಂದು ಹಳ್ಳಿಯವರಿಗೆ ಕಾಡಿನ ಪರದೆ ಬರೆಯಬೇಕಿತ್ತು. ಮೇಲೆ ಕೊಂಬೆಗಳನ್ನು ಬರೆದೆ. ಕೆಳಗಿನ ಅರ್ಧ ಬರೀ ತೆಳು ಬೂದು ಬಣ್ಣ ಹಚ್ಚಿ ಬಿಟ್ಟೆ. ಹಾರ್ಮೋನಿಯಂ ನುಡಿಸುತ್ತ ತಾಲೀಮು ಕಲಿಸುವ ಪೇಟಿ ಮಾಸ್ತರು ಬಂದು ನೋಡಿದರು.

"ಯಾಕಪಾ, ಬಣ್ಣ ಕಡಿಮಿ ಬಿತ್ತೇನು?"

"ನೀಲಿ ಲೈಟ್ ಬಿಟ್ಟು ನೋಡ್ರಿ ಮಾಸ್ತರ."

ಲೈಟಿನವನು ಬಿಟ್ಟ. ತಾಲೀಮಿನ ಹುಡುಗನೊಬ್ಬ ಹೋಗಿ ಪರದೆ ಮುಂದೆ ನಿಂತ. ಮಾಸ್ತರು ಪೇಟಿ ಮೇಲೆ ಕೈ ಇಟ್ಟುಕೊಂಡೇ ಬಹಳ ಹೊತ್ತು ನೋಡಿದರು. ಆಮೇಲೆ "ಇರ್ಲಿ ಬಿಡು, ಹಂಗ ಇರ್ಲಿ" ಅಂದು ಹಾಡು ಎತ್ತಿಕೊಂಡರು.