ಕಾಲೇಜು ಗ್ರಂಥಾಲಯ: ಕೌಂಟರಿನವರಿಗೆ ಕೌಂಟರಿನಲ್ಲೇ ತರಬೇತಿ

ಒಂದು ದಿನದ ಕಾರ್ಯಾಗಾರಕ್ಕೆ ಕಳಿಸಿ ಪ್ರಮಾಣಪತ್ರ ಫೈಲಿಗೆ ಸೇರಿಸಿದರೆ ತರಬೇತಿ ಮುಗಿಯಿತು ಎನ್ನುವ ರೂಢಿ ಅನೇಕ ಪದವಿ ಕಾಲೇಜುಗಳಲ್ಲಿದೆ. ಆದರೆ ವಿದ್ಯಾರ್ಥಿ ಮೊದಲು ಮಾತಾಡಿಸುವುದು ಕೌಂಟರಿನಲ್ಲಿ ಕೂತ ಸಹಾಯಕರನ್ನು ಅಥವಾ ಅಟೆಂಡರನ್ನು. ಕಲಿಕೆ ಅಲ್ಲೇ, ವಾರಕ್ಕೊಮ್ಮೆ 40 ನಿಮಿಷದಂತೆ ನಡೆಯಬೇಕು. ಪರೀಕ್ಷೆಯ ದಿನಗಳಲ್ಲಿ, ಪುಸ್ತಕ ಬಾಕಿಯಿಲ್ಲವೆಂಬ ನೋ ಡ್ಯೂ ಪತ್ರ ಕೊಡುವ ದಿನಗಳಲ್ಲಿ ಬೇಡ.

ಮೊದಲು ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. "ಇಲ್ಲ" ಎಂದು ಹೇಳಿ ಕಳಿಸಿದ ಪ್ರತಿ ಪ್ರಶ್ನೆಯನ್ನೂ, ವಿದ್ಯಾರ್ಥಿ ಕೇಳಿದ ಮಾತಿನಲ್ಲೇ, ಎರಡು ವಾರ ಬರೆಯಲಿ. ಉತ್ತರಿಸಿದವರ ಹೆಸರು ಬರೆಸಬೇಡಿ. ಬರೆಸಿದರೆ ಯಾರೂ ಏನೂ ಬರೆಯುವುದಿಲ್ಲ. ಆ ಪ್ರಶ್ನೆಗಳೇ ಪಾಠ.

ಕಪಾಟಿನಲ್ಲಿ ಪುಸ್ತಕ ಇದ್ದೂ "ಇಲ್ಲ" ಎಂದ ಉದಾಹರಣೆಗಳು ಅದರಲ್ಲಿ ಸಿಕ್ಕೇ ಸಿಗುತ್ತವೆ, ಕನ್ನಡ ಪುಸ್ತಕಗಳ ವಿಷಯದಲ್ಲಂತೂ ಹೆಚ್ಚು. ಗ್ರಂಥಾಲಯದ ತಂತ್ರಾಂಶ ಕೋಹಾ, ಸೋಲ್, ಇ-ಗ್ರಂಥಾಲಯ ಯಾವುದೇ ಇರಲಿ, ಪುಸ್ತಕಗಳ ಹಳೆಯ ನಮೂದುಗಳು ಇಂಗ್ಲಿಷ್ ಅಕ್ಷರದಲ್ಲಿರಬಹುದು. "ಸಾಹಿತ್ಯ" ಎಂಬುದಕ್ಕೆ ಒಬ್ಬರು ಬರೀ ಟಿ ಹಾಕಿದರೆ ಇನ್ನೊಬ್ಬರು ಟಿಎಚ್ ಹಾಕಿರುತ್ತಾರೆ. "ಕುವೆಂಪು" ಎಂದು ಹುಡುಕಿದಾಗ ಸಿಗದ ಪುಸ್ತಕ "ಪುಟ್ಟಪ್ಪ, ಕೆ.ವಿ." ಅಡಿಯಲ್ಲಿ ಕೂತಿರುತ್ತದೆ. ಅಭ್ಯಾಸಕ್ಕೆ, ಕಪಾಟಿನಿಂದ 10 ಕನ್ನಡ ಪುಸ್ತಕ ತೆಗೆದು ಶೀರ್ಷಿಕೆ ಮಾತ್ರ ಹೇಳಿ, ಕಂಪ್ಯೂಟರಿನಲ್ಲಿ ಹುಡುಕಿಸಿ. ಮೊದಲು ಕನ್ನಡ ಲಿಪಿ, ಆಮೇಲೆ ಇಂಗ್ಲಿಷಿನ ಎರಡು ಬಗೆಯ ಕಾಗುಣಿತ, ಕೊನೆಗೆ ಲೇಖಕರ ಕಾವ್ಯನಾಮ ಮತ್ತು ನಿಜನಾಮ. ಸುಲಭಕ್ಕೆ ಸಿಗದ ನಮೂದುಗಳನ್ನು ಅವತ್ತೇ ಪಟ್ಟಿ ಮಾಡಿ ತಿದ್ದಿ. ಸಿಬ್ಬಂದಿಯ ಕಲಿಕೆಯ ಜೊತೆಗೆ ಕ್ಯಾಟಲಾಗೂ ಸರಿಯಾಗುತ್ತದೆ.

ಮುಂದಿನದು ಕಪಾಟಿನ ಕ್ರಮ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 657.46 ಮೊದಲು, 657.5 ಆಮೇಲೆ. ಬಿಂದುವಿನ ನಂತರದ್ದನ್ನು "ನಲವತ್ತಾರು", "ಐದು" ಎಂದು ಓದುವವರು ತಿರುವುಮುರುವು ಇಡುತ್ತಾರೆ. ಒಂದೊಂದೇ ಅಂಕಿಯಾಗಿ ಓದಿಸಿ. ಇಂಥ ಸಂಖ್ಯೆ ಬರೆದ 20 ಚೀಟಿ ಕಲಸಿ ಕೊಟ್ಟು ಜೋಡಿಸಲು ಹೇಳಿ. ಕನ್ನಡ ಕಾವ್ಯದ 894.8141 ಉದ್ದದ ಸಂಖ್ಯೆ. ತೆಳ್ಳನೆಯ ಕವನ ಸಂಕಲನದ ಬೆನ್ನಿಗೆ ಅಂಟಿಸಿದರೆ ಲೇಬಲ್ ಮಡಚಿ, ಕಣ್ಣಿಗೆ 894 ಅಷ್ಟೇ ಬೀಳುತ್ತದೆ. ಅಂಥವಕ್ಕೆ ಲೇಬಲ್ಲನ್ನು ಮುಂದಿನ ರಟ್ಟಿನ ಕೆಳಗಿನ ಎಡಮೂಲೆಗೆ ಹಚ್ಚಿ.

ಪ್ರಶ್ನೆ ಕೇಳುವ ಕಲೆಗೆ ಹೆಚ್ಚು ಸಮಯ ಕೊಡಿ. "ಸರ್, ಎಕನಾಮಿಕ್ಸ್ ಬುಕ್ ಇದೆಯಾ?" ಎಂದವರನ್ನು 330ರ ಕಪಾಟಿನತ್ತ ಕೈತೋರಿಸಿ ಕಳಿಸಿದರೆ ಸೇವೆಯಾಗಲಿಲ್ಲ. ಯಾವ ಸೆಮಿಸ್ಟರ್, ಯಾವ ಪೇಪರ್, ಕನ್ನಡ ಮಾಧ್ಯಮವೇ, ಅಸೈನ್‌ಮೆಂಟಿಗೋ ಪರೀಕ್ಷೆಗೋ, ಎಂದಿಗೆ ಬೇಕು ಎಂದು ಕೇಳಬೇಕು. "ಯಾಕೆ ಬೇಕು?" ಎಂಬ ಮಾತು ಬೇಡವೇ ಬೇಡ, ಅದು ವಿಚಾರಣೆಯಂತೆ ಕೇಳಿಸಿ, ಹೊಸದಾಗಿ ಸೇರಿದವರು ಬಾಯಿ ಮುಚ್ಚಿಕೊಂಡು ಹೊರಟುಬಿಡುತ್ತಾರೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ನೋಟ್‌ಬುಕ್ಕಿನ ಪ್ರಶ್ನೆಗಳನ್ನೇ ಆಡಿಸಿ, ಪಾತ್ರ ಬದಲಿಸಿ. ಓದುಗರ ಸಮಯ ಉಳಿಸಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ್ದು ಇದನ್ನೇ.

ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆಗಳನ್ನು ಆನ್‌ಲೈನಿನಲ್ಲಿ ಒದಗಿಸುವ ಎನ್-ಲಿಸ್ಟ್‌ನ ಸದಸ್ಯತ್ವವಿದ್ದರೆ ಸಿಬ್ಬಂದಿಗೂ ಲಾಗಿನ್ ಮಾಡಿಸಿಕೊಡಿ. ತಾವೇ ಒಂದು ಲೇಖನ ಇಳಿಸಿಕೊಳ್ಳದವರು ಬೇರೆಯವರಿಗೆ ತೋರಿಸಲಾರರು. ಪಾಸ್‌ವರ್ಡ್ ಮರೆತಾಗ ಏನು ಮಾಡಬೇಕೆಂಬುದನ್ನೂ ಮೊಬೈಲಿನಲ್ಲೇ ಮಾಡಿಸಿ.

ಎರಡು ತಿಂಗಳಾದ ಮೇಲೆ ನೋಟ್‌ಬುಕ್ಕನ್ನು ಮತ್ತೆ ಎರಡು ವಾರ ಇಡಿ. ಇದ್ದೂ ಸಿಗದ ಪುಸ್ತಕಗಳ ಪ್ರಶ್ನೆಗಳು ಮುಂದಿನ ಪಾಠಕ್ಕೆ ಹೋಗಲಿ, ನಿಜಕ್ಕೂ ಇಲ್ಲದವು ಖರೀದಿ ಪಟ್ಟಿಗೆ.