ಹಳೆ ಬೆಡ್‌ಶೀಟಿನ ಅಂಚಿನಿಂದ ಅತಿಥಿ ಕೋಣೆ

ಅಕ್ಕ ಬಂದು ಹದಿನೈದು ದಿನ ಇರುತ್ತೇನೆ ಎಂದಾಗ ನಮ್ಮ ಅತಿಥಿ ಕೋಣೆಯಲ್ಲಿ ಇದ್ದದ್ದು ಮಂಚ, ಹಾಸಿಗೆ, ಎರಡು ದಿಂಬು, ಅಷ್ಟೇ. ಕಿಟಕಿಗೆ ಪರದೆಯೂ ಇರಲಿಲ್ಲ. ಎಲ್ಲವನ್ನೂ ಅಂಗಡಿಯಿಂದ ತರುವಷ್ಟು ದುಡ್ಡು ಕೈಯಲ್ಲಿರಲಿಲ್ಲ. ಹೊಲಿಗೆ ಯಂತ್ರ ಮನೆಯಲ್ಲೇ ಇತ್ತು, ಬೀರುವಿನಲ್ಲಿ ಎರಡು ಹಳೆ ಡಬಲ್ ಬೆಡ್‌ಶೀಟುಗಳಿದ್ದವು. ಪರದೆಗೆ ಮಾತ್ರ ದಪ್ಪ ಹತ್ತಿ ಬಟ್ಟೆ ಹೊಸದಾಗಿ ತಂದೆ.

ಹಳೆ ಬೆಡ್‌ಶೀಟಿಗೆ ಕತ್ತರಿ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ಮಲಗಿ ಮಲಗಿ ಸವೆದಿರುವುದು ನಡುಭಾಗ. ಅಲ್ಲಿ ನೇಯ್ಗೆ ತೆಳುವಾಗಿ ಬೆಳಕು ಜಾಸ್ತಿ ತೂರಿ ಬರುತ್ತದೆ. ಹಾಸಿಗೆಯ ಅಡಿಗೆ ಸಿಕ್ಕಿಸುವ ಅಂಚು ಮಾತ್ರ ಇನ್ನೂ ಗಟ್ಟಿಯಾಗಿರುತ್ತದೆ. ಸವೆದ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ದಿಂಬಿನ ಕವರಿನ ಬಟ್ಟೆಯನ್ನೆಲ್ಲ ಅಂಚಿನಿಂದಲೇ ತೆಗೆದೆ.

ನೇರವಾಗಿ ಕತ್ತರಿಸಲು ನಾನು ಸ್ಕೇಲಿಗಿಂತ ನಂಬುವುದು ಎಳೆಯನ್ನು. ಅಳತೆಯ ಜಾಗದಲ್ಲಿ ಸಣ್ಣ ಕಚ್ಚು ಹಾಕಿ, ಒಂದು ಎಳೆಯನ್ನು ಸೂಜಿ ಮೊನೆಯಿಂದ ಎಬ್ಬಿಸಿ ಮೆಲ್ಲಗೆ ಎಳೆಯಬೇಕು. ಬಟ್ಟೆ ನೆರಿಗೆಗಟ್ಟುತ್ತಾ ಹೋಗುತ್ತದೆ. ಎಳೆ ಹೊರಬಂದ ಮೇಲೆ ಬಟ್ಟೆಯನ್ನು ನೀವಿ ಹರಡಿದರೆ ಅದಿದ್ದ ಜಾಗದಲ್ಲಿ ಕೂದಲಷ್ಟು ಸಣ್ಣ ಗೆರೆ ಕಾಣುತ್ತದೆ. ಅದರ ಮೇಲೇ ಕತ್ತರಿ ನಡೆಸಿದರೆ ಸೊಟ್ಟವಾಗುವ ಮಾತೇ ಇಲ್ಲ. ಎಳೆ ನಡುವೆ ತುಂಡಾದರೆ ಅಲ್ಲಿವರೆಗೆ ಕತ್ತರಿಸಿ, ಮತ್ತೆ ಅಲ್ಲಿಂದ ಎಳೆಯಿರಿ.

ನಮ್ಮ ದಿಂಬು 17 ಇಂಚು ಅಗಲ, 27 ಇಂಚು ಉದ್ದ. ಜಿಪ್, ಗುಂಡಿ ಏನೂ ಬೇಡವೆಂದು ಲಕೋಟೆಯಂತೆ ಮಡಚುವ ಕವರು ಮಾಡಿದೆ. ಒಂದು ಕವರಿಗೆ 18 ಇಂಚು ಅಗಲ, 61 ಇಂಚು ಉದ್ದದ ಒಂದೇ ಪಟ್ಟಿ ಸಾಕು. ಪಟ್ಟಿಯ ಒಂದು ತುದಿಗೆ ಬೆಡ್‌ಶೀಟಿನ ಮೊದಲೇ ಹೊಲಿದ ಮಡಿಕೆ ಬರುವಂತೆ ಕತ್ತರಿಸಿದರೆ ಅರ್ಧ ಕೆಲಸ ಮುಗಿದಂತೆ. ಇನ್ನೊಂದು ತುದಿಯನ್ನು ಅರ್ಧ ಇಂಚಿನಂತೆ ಎರಡು ಸಲ ಮಡಚಿ ಹೊಲಿಯಬೇಕು. ಆಮೇಲೆ ಒಳ್ಳೆಯ ಬದಿ ಮೇಲೆ ಬರುವಂತೆ ಹರಡಿ, ಮೊದಲು ಬೆಡ್‌ಶೀಟಿನ ಅಂದದ ಮಡಿಕೆಯಿರುವ ತುದಿಯನ್ನು, ಅದರ ಮೇಲೆ ಇನ್ನೊಂದನ್ನು ಮಡಚಬೇಕು. ಎರಡೂ 6 ಇಂಚು ಒಂದರ ಮೇಲೊಂದು ಕೂತು ಒಟ್ಟು ಉದ್ದ 27 ಇಂಚು ಆಗಬೇಕು. ಎರಡು ಪಕ್ಕವನ್ನು ಅರ್ಧ ಇಂಚು ಒಳಗೆ ಹೊಲಿದು ತಿರುಗಿಸಿದರೆ ಮೊದಲು ಮಡಚಿದ್ದೇ ಹೊರಗೆ ಬರುತ್ತದೆ. ಈ ಕ್ರಮ ತಪ್ಪಿ ಒಂದು ಕವರನ್ನು ಪೂರ್ತಿ ಬಿಚ್ಚಿದ್ದೇನೆ.

ನಿಜವಾದ ಪೆಟ್ಟು ಬಿದ್ದದ್ದು ಪರದೆಯಲ್ಲಿ. ಬಟ್ಟೆ ಲೆಕ್ಕ ಸರಿಯಾಗಿಯೇ ಹಾಕಿದ್ದೆ: ನೆರಿಗೆ ತುಂಬಿಕೊಳ್ಳಲು ಕಂಬಿಯ ಉದ್ದದ ಒಂದೂವರೆಯಿಂದ ಎರಡು ಪಟ್ಟು ಅಗಲ ಬೇಕು. ಆದರೆ ಅವಸರದಲ್ಲಿ ಹೊಸ ಬಟ್ಟೆಯನ್ನು ಒಗೆಯದೆ ಹೊಲಿದುಬಿಟ್ಟೆ. ಮೊದಲ ಒಗೆತಕ್ಕೇ 60 ಇಂಚಿನ ಪರದೆ ಎರಡು ಇಂಚು ಕುಗ್ಗಿ, ಕಿಟಕಿಯ ಕೆಳಗೆ ಬಿಸಿಲಿನ ಪಟ್ಟಿ ಇಣುಕತೊಡಗಿತು. ಮನಸ್ಸಿಗೆ ತುಂಬಾ ಬೇಸರವಾಯಿತು. ಕೆಳಗಿನ ಮಡಿಕೆ ಬಿಚ್ಚಿ ಇಸ್ತ್ರಿ ಮಾಡಿ, ಬೆಡ್‌ಶೀಟಿನ ಅಂಚಿನಿಂದಲೇ ಒಂದು ಅಗಲ ಪಟ್ಟಿ ಜೋಡಿಸಿದೆ. ಪರದೆಗೂ ದಿಂಬಿಗೂ ಒಂದೇ ಬಣ್ಣ ಬಂದು ಕೋಣೆ ಒಟ್ಟಾಗಿ ಕಂಡಿತು. ಆದರೂ ಹತ್ತಿ ಬಟ್ಟೆಯನ್ನು ಒಗೆದು, ಒಣಗಿಸಿ, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿಸಬೇಕು ಎಂಬುದರಲ್ಲಿ ನನಗೀಗ ರಾಜಿಯಿಲ್ಲ.

ಉಳಿತಾಯ ಮಾಡಬಾರದ ಜಾಗವೆಂದರೆ ದಾರ ಮತ್ತು ಸೂಜಿ. ಅಗ್ಗದ ದಾರ ದಪ್ಪ ಬಟ್ಟೆಯಲ್ಲಿ ಪದೇ ಪದೇ ತುಂಡಾಗುತ್ತದೆ. ಬೆಡ್‌ಶೀಟಿಗೆ 14 ನಂಬರ್ ಸೂಜಿ ಸಾಕು. ಪರದೆಯಲ್ಲಿ ನಾಲ್ಕು ಪದರ ಕೂಡುವ ಕಡೆ ಅದಕ್ಕಿಂತ ದಪ್ಪದ 16ಕ್ಕೆ ಬದಲಿಸಿದೆ.

ಪರದೆಗೆ ಇನ್ನೂ ಲೈನಿಂಗ್ ಹಾಕಿಲ್ಲ, ಬೆಳಗಿನ ಬಿಸಿಲು ಅಕ್ಕನ ಮುಖಕ್ಕೇ ಬೀಳುತ್ತಿತ್ತು. ಅದಕ್ಕೆ ತಂದ ಬಿಳಿ ಬಟ್ಟೆ ಒಗೆದು ಹಗ್ಗದ ಮೇಲೆ ಒಣಗುತ್ತಿದೆ.