ಒಂದೇ ಕಿರ್ದಿಯಲ್ಲಿ ಎರಡು ಕಾಯಿಲೆ

ಸಕ್ಕರೆ ಕಾಯಿಲೆ, ಥೈರಾಯ್ಡ್ ಎರಡೂ ಇರುವವಳು ನಾನು. ರಾತ್ರಿ ಮೂರರ ಹೊತ್ತಿಗೆ ಮೈಯೆಲ್ಲ ಬೆವೆತು ಎದ್ದು ಕೂರುತ್ತಿದ್ದೆ. ಮೇ ತಿಂಗಳ ರಾಯಚೂರಿನಲ್ಲಿ ಬೆವರಲು ಕಾರಣ ಬೇಕೆ ಎಂದು ಮನೆಯವರು ನಗುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ತೀರಾ ಕಡಿಮೆ: 62, ಒಮ್ಮೆ 58. ಅದೇ ವಾರ ಲ್ಯಾಬಿನಿಂದ ಬಂದ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, ಮಾತ್ರ 8.3 ಎಂದು ಹೆಚ್ಚು ತೋರಿಸಿತು. ಅದನ್ನು ನೋಡಿಯೇ ಸಕ್ಕರೆ ಇಳಿಸುವ ನನ್ನ ಮಾತ್ರೆ ಗ್ಲಿಮೆಪಿರೈಡ್ 1ರಿಂದ 2 ಮಿಲಿಗ್ರಾಂಗೆ ಏರಿತ್ತು.

ರಾಜೇಂದ್ರ ಗಂಜ್‌ನ ಅಡತಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವಳು ನಾನು. ಎರಡು ಪುಸ್ತಕ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ. ಸಕ್ಕರೆ ನೋಡುವ ಮೀಟರೇ ಕೆಟ್ಟಿದೆ ಎಂದರು ಎಲ್ಲರೂ. ಹಟಕ್ಕೆ ಬಿದ್ದು ಇನ್ನೊಂದು ಮೀಟರ್ ಕೊಂಡೆ. ರಕ್ತದ ಹನಿ ಹಾಕುವ ಪಟ್ಟಿಗಳೂ ಸೇರಿ ಎರಡು ಸಾವಿರದ ಹತ್ತಿರ ಹೋಯಿತು. ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು.

ಆಗ ಥೈರಾಯ್ಡ್ ಫೈಲನ್ನೂ ಸಕ್ಕರೆಯ ಫೈಲನ್ನೂ ಬಿಚ್ಚಿ ಒಂದೇ ಕಿರ್ದಿಗೆ ಇಳಿಸಿದೆ. ಥೈರಾಯ್ಡ್ ಮಾತ್ರೆ 50ರಿಂದ 75ಕ್ಕೆ, ಅಲ್ಲಿಂದ 100 ಮೈಕ್ರೋಗ್ರಾಂಗೆ ಹೋಗಿತ್ತು. ಥೈರಾಯ್ಡ್ ಕುಂಠಿತವಾದಷ್ಟೂ ಏರುವ, ಮಾತ್ರೆ ಹತ್ತಿದರೆ ಇಳಿಯಬೇಕಾದ ಟಿಎಸ್‌ಎಚ್ ಮಾತ್ರ 11, 12, 14. ದುಡ್ಡು ಕಟ್ಟುತ್ತಿದ್ದೇನೆ, ಸರಕು ಬರುತ್ತಿಲ್ಲ! ಮಾತ್ರೆ ನುಂಗುತ್ತಿದ್ದುದು ಚಹಾದ ಜೊತೆ. ಅರ್ಧ ಗಂಟೆಗೆ ಉಪಾಹಾರ, ಅದರ ಹಿಂದೆಯೇ ಕ್ಯಾಲ್ಸಿಯಂ ಮತ್ತು ಐರನ್ ಮಾತ್ರೆ. ಥೈರಾಯ್ಡ್ ಮಾತ್ರೆ ಹೊಟ್ಟೆಯಲ್ಲೇ ಕಟ್ಟಿಹೋಗುತ್ತಿತ್ತು, ರಕ್ತಕ್ಕೆ ಸರಿಯಾಗಿ ಸೇರುತ್ತಿರಲಿಲ್ಲ. ಡಬ್ಬಿಯೋ ಒಲೆಯ ಮೇಲಿನ ಕಿಟಕಿಯಲ್ಲಿ, 40 ಡಿಗ್ರಿ ದಾಟುವ ಊರಿನಲ್ಲಿ.

ಡಬ್ಬಿಯನ್ನು ಒಳಕೋಣೆಯ ಕೆಳಗಿನ ಕಪಾಟಿಗೆ ಸಾಗಿಸಿದೆ. ಐದಕ್ಕೆ ಬರೀ ನೀರಿನಲ್ಲಿ ಮಾತ್ರೆ, ಒಂದು ಗಂಟೆ ಏನೂ ಇಲ್ಲ. ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ, ಐರನ್ ರಾತ್ರಿಗೆ. ಆ ಒಂದು ಗಂಟೆ ಚಹಾ ಇಲ್ಲದೆ ಹೇಗೆ ಕಳೆಯುತ್ತೇನೆ ಎಂಬುದು ನನ್ನ ಗುಟ್ಟು.

ಡಾಕ್ಟರು ಮೊದಲು ಪುಸ್ತಕವನ್ನು ಬದಿಗೆ ಸರಿಸಿದರು. ರಾತ್ರಿಯ ಅಂಕಿಗಳಿಗೆ ಕೆಂಪು ಶಾಯಿ ಬಳಿದು ಮತ್ತೆ ಮುಂದಿಟ್ಟೆ. ಗ್ಲಿಮೆಪಿರೈಡ್ ಮತ್ತೆ 1ಕ್ಕೆ ಇಳಿಯಿತು. ಥೈರಾಯ್ಡ್ ಕುಂಠಿತವಾದರೆ ದೇಹ ಇನ್ಸುಲಿನ್ನನ್ನು ಬೇಗ ಖರ್ಚು ಮಾಡುವುದಿಲ್ಲ, ಸಕ್ಕರೆ ಕುಸಿಯಬಹುದು. ಕೆಂಪು ರಕ್ತಕಣಗಳು ಹೆಚ್ಚು ದಿನ ಬದುಕಿ ಎಚ್‌ಬಿಎ1ಸಿಯನ್ನು ಇದ್ದುದಕ್ಕಿಂತ ದೊಡ್ಡದಾಗಿ ತೋರಿಸುತ್ತವೆ. ನನಗೆ ಕಬ್ಬಿಣದ ಕೊರತೆಯ ರಕ್ತಹೀನತೆಯೂ ಇತ್ತು, ಅದೂ ಅದೇ ಸುಳ್ಳಿಗೆ ಸಾಕ್ಷಿ ನುಡಿದಿತ್ತು.

ಎರಡು ತಿಂಗಳಿಗೆ ಟಿಎಸ್‌ಎಚ್ ನಾಲ್ಕೂವರೆಗೆ ಬಂತು. ಬೆವರು ನಿಂತಿತು. ಆದರೆ ಬೆಳಗಿನ ಸಕ್ಕರೆ 105ರ ಸುತ್ತ ಇದ್ದದ್ದು 138ಕ್ಕೆ ಏರಿತು. ಅತ್ತೆಯವರಿಗೆ ಹಬ್ಬ: 'ಲೆಕ್ಕ ಬರೆದರೆ ರೋಗ ಹೋಗುತ್ತದೇನು?' ನನಗೂ ಎದೆ ನಡುಗಿತು. ಆಮೇಲೆ ತಿಳಿಯಿತು, ಥೈರಾಯ್ಡ್ ಚುರುಕಾದಾಗ ಇನ್ಸುಲಿನ್ ಕೂಡ ಬೇಗ ಕರಗುತ್ತದೆ, ಸಕ್ಕರೆ ಸ್ವಲ್ಪ ಏರುವುದು ಲೆಕ್ಕದೊಳಗಿನ ಮಾತೇ. ಸಂಜೆಯ ನಡಿಗೆಯನ್ನು ಇಪ್ಪತ್ತು ನಿಮಿಷ ಹೆಚ್ಚಿಸಿದ್ದೇ 120ರ ಆಸುಪಾಸಿಗೆ ಇಳಿಯಿತು.

ನಡುವೆ ಒಂದು ಪೆಚ್ಚಾದ ಕಥೆ. ಕೂದಲು ಉದುರುತ್ತದೆ ಎಂದು ಮಗಳು ಬಯೋಟಿನ್ ಮಾತ್ರೆ ತಂದುಕೊಟ್ಟಿದ್ದಳು. ಮುಂದಿನ ಟಿಎಸ್‌ಎಚ್ 0.4! ಗಂಜ್‌ನಲ್ಲಿ ಪೇಡೆ ಹಂಚುವುದೊಂದು ಬಾಕಿ. ಬಯೋಟಿನ್ ಆ ಪರೀಕ್ಷೆಯನ್ನೇ ಕೆಡಿಸುತ್ತದಂತೆ. ವಾರ ಬಿಟ್ಟು ಮಾಡಿಸಿದರೆ 2.9. ಮುನ್ನೂರು ರೂಪಾಯಿ ದಂಡ.

ಪಟ್ಟಿಗಳು ಉಳಿದಿದ್ದವೆಂದು ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಮಂಡಾಳು ಒಗ್ಗರಣೆ, ಎರಡು ಮಿರ್ಚಿ ತಿಂದ ಎರಡು ಗಂಟೆಗೆ 240ರ ಹತ್ತಿರ. ಪುಂಡಿ ಪಲ್ಯದ ಜೊತೆ ಎರಡು ಜೋಳದ ರೊಟ್ಟಿಗೆ 165. ಮಂಡಾಳು ಬಿಟ್ಟಿಲ್ಲ, ತಿಂಗಳಿಗೊಮ್ಮೆಗೆ ಇಳಿಸಿದ್ದೇನೆ.

ಕೊನೆಯ ಎಚ್‌ಬಿಎ1ಸಿ 7.1. ಎಲ್ಲ ಸೇರಿ ಆರು ಸಾವಿರದಷ್ಟು ಖರ್ಚಾಗಿರಬಹುದು. ಕಿರ್ದಿ ನೋಡಿ ನಕ್ಕಿದ್ದ ಸಾಹುಕಾರರು ಮೊನ್ನೆ ತಮ್ಮ ಹೆಂಡತಿಯ ರಿಪೋರ್ಟನ್ನು ನನ್ನ ಮೇಜಿನ ಮೇಲಿಟ್ಟರು. ಟಿಎಸ್‌ಎಚ್ 9. ಅಮ್ಮನವರು ಚಹಾ ಎಷ್ಟು ಗಂಟೆಗೆ ಕುಡಿಯುತ್ತಾರೆ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.